ಕಮಲಾಪುರದ ಸಿಡಿಲು ಪುಣೆಗೆ ಗೊತ್ತು, ಪಂಚಾಯಿತಿಗೆ ಗೊತ್ತಿಲ್ಲ

ಏಪ್ರಿಲ್ ಕೊನೆಗೆ ಕಲಬುರಗಿಯಲ್ಲಿ ಮನೆಯೊಳಗೆ ಮಲಗೋದು ಆಗದ ಮಾತು. ಫ್ಯಾನ್ ಹಾಕಿದರೆ ಬಿಸಿಗಾಳಿಯೇ ತಿರುಗುತ್ತದೆ. ಹಾಸಿಗೆ ಎತ್ತಿಕೊಂಡು ಮಾಳಿಗೆ ಮೇಲೆ ಹೋಗುತ್ತೇವೆ. ರಾತ್ರಿ ಹತ್ತು ಹನ್ನೊಂದರ ಸುಮಾರಿಗೆ ಹುಮನಾಬಾದ್ ರಸ್ತೆ ಹೋಗುವ ದಿಕ್ಕಿಗೆ ಫಳ್ ಅಂತ ಬೆಳಕು ಬೀಳುತ್ತದೆ. ಮತ್ತೆ ಬೀಳುತ್ತದೆ. ಸಪ್ಪಳ ಮಾತ್ರ ಇಲ್ಲ. "ಕಮಲಾಪುರ ಕಡಿ ಮಳಿ ಬರ್ಲಾಕತ್ತದ ನೋಡ್" ಅಂತ ಯಾರೋ ಅನ್ನುತ್ತಾರೆ. ಎಲ್ಲರೂ ಮಗ್ಗಲು ಬದಲಿಸಿ ಮಲಗುತ್ತೇವೆ.

ಸಪ್ಪಳ ಕೇಳದ್ದಕ್ಕೆ ಕಾರಣ ಸರಳ. ಗುಡುಗು ಹದಿನೈದು ಕಿಲೋಮೀಟರು ದಾಟಿದರೆ ಸಾಮಾನ್ಯವಾಗಿ ಕಿವಿಗೆ ಬೀಳುವುದಿಲ್ಲ. ಕಲಬುರಗಿಯಿಂದ ಕಮಲಾಪುರ ನೇರ ಗೆರೆ ಎಳೆದರೂ ಮೂವತ್ತು ಕಿಲೋಮೀಟರಿಗಿಂತ ಹೆಚ್ಚು. ಬೆಳಕು ಬರುತ್ತದೆ, ಶಬ್ದ ದಾರಿಯಲ್ಲೇ ಕರಗುತ್ತದೆ.

ಆದರೆ ಅದೇ ಹೊತ್ತಿಗೆ ಆ ಸಿಡಿಲನ್ನು ನೂರಾರು ಕಿಲೋಮೀಟರ್ ದೂರದ ಯಂತ್ರಗಳು ಗುರುತು ಹಾಕಿಕೊಂಡಿರುತ್ತವೆ. ಎಷ್ಟು ಗಂಟೆ, ಎಷ್ಟು ನಿಮಿಷ, ಎಷ್ಟು ಸೆಕೆಂಡು, ಅದರ ಮೇಲೆ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗದವರೆಗೆ ಲೆಕ್ಕ. ಜಾಗವೂ ಗೊತ್ತು, ಕೆಲವು ನೂರು ಮೀಟರ್ ಆಚೀಚೆ.

ಮರುದಿನ ಪೇಪರಿನಲ್ಲಿ ಏನು ಬರುತ್ತದೆ? ಒಂದು ಕಾಲಮ್ಮಿನ ಸುದ್ದಿ. "ಸಿಡಿಲು ಬಡಿದು ಕುರಿಗಾಹಿ ಸಾವು." "ಸಿಡಿಲಿಗೆ ಎರಡು ಎತ್ತು ಬಲಿ." ಊರು, ಹೆಸರು, ವಯಸ್ಸು, ಸ್ಥಳಕ್ಕೆ ಯಾರು ಭೇಟಿ ಕೊಟ್ಟರು ಅನ್ನೋದು. ಹೊತ್ತು ಮಾತ್ರ ಬರೇ "ಸಂಜೆ". ನಾವು ಪತ್ರಿಕೋದ್ಯಮ ಓದಿದವರು, ಇಂಥ ಸುದ್ದಿ ನಾವೂ ಬರೆದಿದ್ದೇವೆ. ಎಷ್ಟು ಗಂಟೆಗೆ ಬಡಿಯಿತು ಅಂತ ಒಮ್ಮೆಯೂ ಕೇಳಿಲ್ಲ. ಗಿಡದ ಕೆಳಗೆ ನಿಂತಿದ್ದರೋ, ತಗಡಿನ ಶೆಡ್ಡಿನಲ್ಲಿದ್ದರೋ, ಮನೆಗೆ ಓಡುತ್ತಿದ್ದರೋ ಅಂತಲೂ ಸರಿಯಾಗಿ ಕೇಳಿಲ್ಲ. ಇದು ನಮ್ಮ ತಪ್ಪು, ಮೊದಲೇ ಒಪ್ಪಿಕೊಂಡುಬಿಡುತ್ತೇವೆ.

ಈಗ ಪರಿಸ್ಥಿತಿ ನೋಡಿ. ಸಿಡಿಲು ಯಾವಾಗ, ಎಲ್ಲಿ ಬಿತ್ತು ಅನ್ನೋದು ಯಂತ್ರಕ್ಕೆ ಗೊತ್ತು, ಅಲ್ಲಿ ಯಾರು ನಿಂತಿದ್ದರು ಅನ್ನೋದು ಅದಕ್ಕೆ ಗೊತ್ತಿಲ್ಲ. ಯಾರು ನಿಂತಿದ್ದರು ಅನ್ನೋದು ಊರಿಗೆ ಗೊತ್ತು, ಯಾವಾಗ ಅನ್ನೋದನ್ನು ಊರು ಬರೆದಿಡುವುದಿಲ್ಲ. ಸಿಡಿಲಿನ ಲೆಕ್ಕ ಒಂದು ಕಡೆ, ಸಾವಿನ ಲೆಕ್ಕ ಇನ್ನೊಂದು ಕಡೆ. ಈ ಎರಡು ಪುಸ್ತಕಗಳನ್ನು ಒಂದೇ ಮೇಜಿನ ಮೇಲೆ ಇಡಬೇಕು ಅನ್ನೋದು ನಮ್ಮ ವಾದ.

ಸಣ್ಣ ಲೆಕ್ಕ ಅಂತ ತಿಳಿಯಬೇಡಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ ಸಿಡಿಲಿಗೆ ಸತ್ತವರು 2,887 ಮಂದಿ. ಆ ವರ್ಷ ಪ್ರಕೃತಿ ವಿಕೋಪಕ್ಕೆ ಸತ್ತವರಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಪಾಲು ಇದೇ. ಪ್ರವಾಹ ಬಂದರೆ ಟಿವಿಯವರು ದೋಣಿ ಹತ್ತುತ್ತಾರೆ. ಸಿಡಿಲು ಒಂದು ಹೊಲದಲ್ಲಿ ಒಬ್ಬರನ್ನು, ಇನ್ನೊಂದು ಹೊಲದಲ್ಲಿ ಇಬ್ಬರನ್ನು ಒಯ್ಯುತ್ತದೆ. ಹಾಗಾಗಿ ಅದು ದೊಡ್ಡ ಸುದ್ದಿ ಆಗುವುದೇ ಇಲ್ಲ.

ಯಂತ್ರ ಸಿಡಿಲನ್ನು ಹೇಗೆ ಹಿಡಿಯುತ್ತದೆ ಅನ್ನೋದನ್ನು ನಿಮ್ಮ ಮನೆಯ ಹಳೇ ರೇಡಿಯೊ ಹೇಳಿಕೊಡುತ್ತದೆ. ಆಕಾಶವಾಣಿ ಕಲಬುರಗಿ ಹಚ್ಚಿ ಕೂತಾಗ ದೂರದಲ್ಲಿ ಮಿಂಚಿದರೆ ಹಾಡಿನ ನಡುವೆ "ಕರ್ರ್" ಅಂತ ಸಪ್ಪಳ ಬರುತ್ತಿತ್ತಲ್ಲ, ಅದೇ. ಪ್ರತಿ ಸಿಡಿಲೂ ಒಂದು ದೊಡ್ಡ ರೇಡಿಯೊ ಸ್ಟೇಷನ್ ಇದ್ದ ಹಾಗೆ, ಕ್ಷಣ ಮಾತ್ರ ಕೂಗಿ ಸುಮ್ಮನಾಗುತ್ತದೆ. ಆ ಕೂಗಿನಲ್ಲಿ ಬಹಳ ಕೆಳಗಿನ ಕಂಪನದ ಅಲೆಗಳೂ ಇರುತ್ತವೆ, 3ರಿಂದ 30 ಕಿಲೋಹರ್ಟ್ಸ್‌ನವು. ಇವು ನೆಲಕ್ಕೂ ಮೇಲಿನ ವಿದ್ಯುತ್ ತುಂಬಿದ ವಾಯುಪದರಕ್ಕೂ ನಡುವೆ ಪುಟಿಯುತ್ತಾ ಸಾವಿರಾರು ಕಿಲೋಮೀಟರ್ ಹೋಗುತ್ತವೆ.

ಕಮಲಾಪುರದ ಹೊಲದಲ್ಲಿ ಸಿಡಿಲು ಬಿತ್ತು ಅನ್ನಿ. ಹೈದರಾಬಾದ್, ಪುಣೆ, ಬೆಂಗಳೂರು ಮೂರೂ ಕಡೆ ಯಂತ್ರ ಇದೆ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಿ. ಅಲೆ ಬೆಳಕಿನ ವೇಗದಲ್ಲಿ ಹೋಗುತ್ತದೆ, ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್. ಹೈದರಾಬಾದಿಗೆ ಅದು ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಅರ್ಧದಷ್ಟು ಹೊತ್ತಿನಲ್ಲಿ ಮುಟ್ಟುತ್ತದೆ. ಪುಣೆಗೆ ಅದರ ಎರಡರಷ್ಟಕ್ಕಿಂತ ತುಸು ಹೆಚ್ಚು, ಬೆಂಗಳೂರಿಗೆ ಮೂರರಷ್ಟಕ್ಕಿಂತ ಹೆಚ್ಚು ಹೊತ್ತು ಬೇಕು. ಯಾರಿಗೆ ಮೊದಲು ಮುಟ್ಟಿತು, ಯಾರಿಗೆ ಎಷ್ಟು ತಡವಾಗಿ ಮುಟ್ಟಿತು ಅನ್ನೋ ವ್ಯತ್ಯಾಸದಿಂದಲೇ ಸಿಡಿಲು ಬಿದ್ದ ಜಾಗ ತೆಗೆಯುತ್ತಾರೆ. ಗಡಿಯಾರ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ ತಪ್ಪಿದರೆ ಲೆಕ್ಕ 300 ಮೀಟರ್ ತಪ್ಪುತ್ತದೆ, ಅಂದರೆ ಬಾಳೆ ತೋಟದ ಸಿಡಿಲು ರಸ್ತೆಯಾಚೆ ತೊಗರಿ ಹೊಲಕ್ಕೆ ಹೋಗುತ್ತದೆ. ಅದಕ್ಕೇ ಎಲ್ಲ ಯಂತ್ರಗಳ ಗಡಿಯಾರವನ್ನೂ ಜಿಪಿಎಸ್ ಉಪಗ್ರಹಕ್ಕೆ ಕಟ್ಟಿರುತ್ತಾರೆ.

ಇಂಥ ಯಂತ್ರಗಳ ದೊಡ್ಡ ಬಲೆಗಳು ಲೋಕದ ತುಂಬ ಇವೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯ ನಡೆಸುವ ಒಂದು ಜಾಲಕ್ಕೆ ಭೂಮಿಯ ಮೇಲೆ ಎಪ್ಪತ್ತರ ಸುಮಾರು ಕೇಂದ್ರಗಳಿವೆ. ಬಹಳಷ್ಟು ಕೇಂದ್ರಗಳನ್ನು ಆಯಾ ಊರಿನ ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆಗಳೇ ನೋಡಿಕೊಳ್ಳುತ್ತವೆ. ಕನಿಷ್ಠ ಐದು ಕೇಂದ್ರ ಕೇಳಿದ ಸಿಡಿಲನ್ನೇ ಅವರು ಲೆಕ್ಕಕ್ಕೆ ಹಿಡಿಯುತ್ತಾರೆ. ಹಾಗಾಗಿ ಜೋರಾದವು ಸಿಗುತ್ತವೆ, ಸಣ್ಣವು ಬಹಳಷ್ಟು ತಪ್ಪಿಹೋಗುತ್ತವೆ. ಜರ್ಮನಿಯ ಡುಸೆಲ್‌ಡಾರ್ಫ್‌ನಲ್ಲಿ ಎಗಾನ್ ವಾಂಕೆ ಎಂಬ ಪ್ರಾಧ್ಯಾಪಕರು ಶುರು ಮಾಡಿದ ಬ್ಲಿಟ್ಸೋರ್ಟುಂಗ್ ಎಂಬ ಇನ್ನೊಂದು ಜಾಲ ಇದೆ. ಅದರ ಬಹುತೇಕ ಕೇಂದ್ರಗಳು ಹವ್ಯಾಸಿಗಳ ಮನೆಯಲ್ಲಿವೆ. ಸ್ವಂತ ದುಡ್ಡಲ್ಲಿ ಬಿಡಿಭಾಗ ತರಿಸಿ, ಬೆಸುಗೆ ಹಾಕಿ, ಕಿಟಕಿ ಹತ್ತಿರ ಇಟ್ಟು, ಇಂಟರ್ನೆಟ್ಟಿಗೆ ಜೋಡಿಸಿದವರು. ರಾಕೆಟ್ ಹಾರಿಸುವಷ್ಟು ದುಡ್ಡಿನ ಕೆಲಸ ಇದಲ್ಲ ಅನ್ನೋದಕ್ಕೆ ಇದನ್ನು ಹೇಳಿದೆವು.

ಮೇಲಿನಿಂದಲೂ ನೋಡಿದ್ದಾರೆ. 1997ರಲ್ಲಿ ಹಾರಿದ ಟಿಆರ್‌ಎಂಎಂ ಉಪಗ್ರಹದಲ್ಲಿ ಸಿಡಿಲು ಎಣಿಸುವ ಕ್ಯಾಮೆರಾ ಇತ್ತು. ಅದರದೇ ಜೋಡಿ ಉಪಕರಣವನ್ನು 2017ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹಚ್ಚಿದರು, 2023ರವರೆಗೆ ಕೆಲಸ ಮಾಡಿತು. ಉಪಗ್ರಹದ ಎಣಿಕೆ ಪ್ರಕಾರ ಭೂಮಿಯ ಮೇಲೆ ಸೆಕೆಂಡಿಗೆ ಸರಾಸರಿ 44 ಮಿಂಚು. 2016ರಲ್ಲಿ ಜಾಗತಿಕ ಹವಾಮಾನ ವೀಕ್ಷಣಾ ವ್ಯವಸ್ಥೆಯವರು ಹವಾಮಾನ ಬದಲಾವಣೆ ಅಳೆಯಲು ಬೇಕೇ ಬೇಕಾದ ಸಂಗತಿಗಳ ಪಟ್ಟಿಗೆ ಸಿಡಿಲನ್ನೂ ಸೇರಿಸಿದರು. ಉಷ್ಣಾಂಶ, ಮಳೆ ಇದ್ದ ಸಾಲಿಗೆ ಸಿಡಿಲೂ ಬಂತು.

ಯಾಕೆ ಇಷ್ಟು ಮಹತ್ವ? ಮೋಡದೊಳಗೆ ಗಾಳಿ ಜೋರಾಗಿ ಮೇಲೇರಿ, ಐಸಿನ ಚೂರುಗಳು ಒಂದಕ್ಕೊಂದು ತಾಗಿದಾಗಲೇ ಸಿಡಿಲು ಹುಟ್ಟುವುದು. ಅಂದರೆ ಸಿಡಿಲಿನ ಎಣಿಕೆ ಒಮ್ಮೆಲೇ ಏರಿತು ಅಂದರೆ ಮೋಡ ಬಲಿಯಿತು ಅಂತ ಅರ್ಥ. ಎಷ್ಟೋ ಸಲ ಆಲಿಕಲ್ಲು, ಬಿರುಗಾಳಿ ಅದರ ಹಿಂದೆಯೇ ಬರುತ್ತವೆ. ನಮ್ಮ ಭಾಗಕ್ಕೆ ಇದು ಇನ್ನೂ ಹೆಚ್ಚು ಬೇಕು. ಹೈದರಾಬಾದಿನ ರಾಡಾರ್ ಕಮಲಾಪುರದಿಂದ ಸುಮಾರು 150 ಕಿಲೋಮೀಟರ್ ಆಚೆ. ಭೂಮಿ ದುಂಡಗಿರುವುದರಿಂದ ಅಷ್ಟು ದೂರಕ್ಕೆ ರಾಡಾರಿನ ಕಿರಣ ನೆಲದಿಂದ ಎರಡು ಕಿಲೋಮೀಟರಿಗೂ ಮೇಲೆ ಹಾದುಹೋಗುತ್ತದೆ, ಮೋಡದ ತಳ ಅದಕ್ಕೆ ಕಾಣುವುದಿಲ್ಲ. ಸಿಡಿಲಿನ ಅಲೆಗೆ ಆ ತೊಂದರೆ ಇಲ್ಲ. 2014ರ ಫೆಬ್ರವರಿ-ಮಾರ್ಚಿನಲ್ಲಿ ಮರಾಠವಾಡದ ಜೊತೆ ನಮ್ಮ ಕಡೆಯೂ ಬಡಿದ ಆಲಿಕಲ್ಲು ನೆನಪಿರುವವರಿಗೆ ಇದರ ಬೆಲೆ ಗೊತ್ತು. ಕಮಲಾಪುರದ ಕೆಂಪು ಬಾಳೆಗೆ ಜಿಐ ಗುರುತು ಇದೆ. ಗುರುತು ಇದ್ದರೇನು, ಗೊನೆ ಹಾಕಿದ ಗಿಡವನ್ನು ಅರ್ಧ ತಾಸಿನ ಗಾಳಿ ನೆಲಕ್ಕೆ ಮಲಗಿಸುತ್ತದೆ.

ನಮ್ಮ ದೇಶದಲ್ಲಿ ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ ಸಿಡಿಲು ಗುರುತಿಸುವ ಜಾಲ ಕಟ್ಟಿದೆ, ದೇಶದ ಉದ್ದಗಲಕ್ಕೆ 80ಕ್ಕೂ ಹೆಚ್ಚು ಯಂತ್ರ. ಅದರ 'ದಾಮಿನಿ' ಆ್ಯಪ್ ನೀವಿರುವ ಜಾಗದ ಸುತ್ತ 20ರಿಂದ 40 ಕಿಲೋಮೀಟರಿನೊಳಗಿನ ಸಿಡಿಲನ್ನು ತೋರಿಸುತ್ತದೆ. ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು 'ಸಿಡಿಲು' ಅನ್ನೋ ಆ್ಯಪನ್ನೇ ಮಾಡಿದರು, ಎಷ್ಟು ಹತ್ತಿರ ಬಂತು ಅನ್ನೋದನ್ನು ಬಣ್ಣದಲ್ಲಿ ಹೇಳುತ್ತದೆ. ಒಳ್ಳೆಯ ಕೆಲಸ, ನಾವು ಬಳಸುತ್ತೇವೆ, ನೀವೂ ಹಾಕಿಕೊಳ್ಳಿ.

ಆದರೆ ಈ ಬೇಸಿಗೆಯಲ್ಲಿ ಆ್ಯಪ್ ಹಿಡಿದುಕೊಂಡೇ ಕಮಲಾಪುರ ಕಡೆ ಹೋಗಿದ್ದೆವು. ಮಧ್ಯಾಹ್ನ ಮೂರರ ಮೇಲೆ ಪಡುವಣಕ್ಕೆ ಮೋಡ ಕಪ್ಪಾಯಿತು. ಫೋನಿನಲ್ಲಿ ಚುಕ್ಕಿ ಬೀಳತೊಡಗಿದವು. ಬಾಳೆ ತೋಟದಲ್ಲಿ ಒಬ್ಬ ತಾಯಿ ಒಣ ಎಲೆ ಕೊಯ್ಯುತ್ತಿದ್ದರು.

"ಯವ್ವಾ, ಸಿಡ್ಲು ಹತ್ರ ಬಂದದ ಅಂತ ಫೋನ್ ಹೇಳ್ಲಾಕತ್ತದ್ರಿ. ನಿಮ್ಮ ಫೋನಿಗಿ ಬರ್ತದಿಲ್ರಿ?"

"ನನ್ನ ಬಲ್ಲಿ ಎಲ್ಲಿ ಫೋನ್ ತಮ್ಮಾ. ದೊಡ್ಡ ಫೋನ್ ಮಗನ ಬಲ್ಲಿ ಅದ, ಅಂವ ಬೆಂಗ್ಳೂರಾಗ ಹಾನ."

"ಹಂಗಾದ್ರ ಮೋಡ ಕಟ್ಟಿದ್ರ ಏನ್ ಮಾಡ್ತೀರಿ?"

"ಆ ಬೇವಿನ ಗಿಡದ ಬುಡಕ ಹೋಗ್ತೀನಿ. ಮತ್ತೆಲ್ಲಿ ಹೋಗ್ಲಿ? ಅರ್ಜುನನ ಹೆಸರು ಹೇಳ್ಕೋತ ಕುಂದರ್ತೀನಿ."

ನಮಗೆ ನಗು ಬರಲಿಲ್ಲ. ಅರ್ಜುನನ ಹತ್ತು ಹೆಸರು ನಮ್ಮ ಅಜ್ಜಿಯೂ ಹೇಳುತ್ತಿದ್ದರು. ಬೇವಿನ ಗಿಡ ಅಪಾಯ ಅಂತ ಹೇಳಿದೆವು, ಅವರಿಗೂ ಅದು ಹೊಸ ಮಾತೇನಲ್ಲ. ಆದರೆ "ಮತ್ತೆಲ್ಲಿ ಹೋಗ್ಲಿ" ಅನ್ನೋದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಗೋಡೆ, ಮಾಳಿಗೆ ಇರುವ ಮನೆ ಅಲ್ಲಿಂದ ಒಂದು ಕಿಲೋಮೀಟರಿಗೂ ದೂರ. ಪಕ್ಕದ ಹೊಲದಲ್ಲಿದ್ದದ್ದು ನಾಲ್ಕು ಕಂಬದ ಮೇಲೆ ತಗಡು ಹೊದಿಸಿದ ಶೆಡ್, ಅದರಲ್ಲಿ ನಿಂತರೂ ಒಂದೇ, ಬಯಲಲ್ಲಿ ನಿಂತರೂ ಒಂದೇ. ಆ ಹೊತ್ತಿಗೆ ರಸ್ತೆಯಲ್ಲಿ ಬಂದ ಟಂಟಂಗೆ ಕೈ ಮಾಡಿ ಎಲ್ಲರೂ ಊರಿಗೆ ಹೋದೆವು.

ಇಲ್ಲಿ ಕೈಕೊಡುವುದು ವಿಜ್ಞಾನ ಅಲ್ಲ. ಸಿಡಿಲಿನ ಸುದ್ದಿ ಸಾವಿರ ಕಿಲೋಮೀಟರ್ ಬೆಳಕಿನ ವೇಗದಲ್ಲಿ ಹೋಗಿ, ಕೊನೆಯ ಒಂದು ಕಿಲೋಮೀಟರಿನಲ್ಲಿ ನಿಂತುಬಿಡುತ್ತದೆ. ಸ್ಮಾರ್ಟ್‌ಫೋನ್ ಬೇಕು, ಅದರಲ್ಲಿ ಡೇಟಾ ಇರಬೇಕು, ಲೊಕೇಷನ್ ಆನ್ ಇರಬೇಕು, ಫೋನ್ ಹೊಲದಲ್ಲೇ ಇರಬೇಕು. ಮೆಸೇಜ್ ಬಂದರೂ "ಜಿಲ್ಲೆಯ ಒಂದೆರಡು ಕಡೆ ಗುಡುಗು ಸಹಿತ ಮಳೆ" ಅಂತ ಇರುತ್ತದೆ. ಕಲಬುರಗಿ ಜಿಲ್ಲೆ ಹತ್ತು ಸಾವಿರ ಚದರ ಕಿಲೋಮೀಟರಿಗೂ ದೊಡ್ಡದು. ಅದರಲ್ಲಿ ಒಂದೆರಡು ಕಡೆ ಅಂದರೆ ಯಾವ ಕೆಲಸದಾಳು ಕುಡಗೋಲು ಕೆಳಗಿಟ್ಟು ಮನೆಗೆ ಹೋಗುತ್ತಾರೆ? ಅರ್ಧ ದಿನದ ಕೂಲಿ ಯಾರು ಕೊಡುತ್ತಾರೆ?

ಅದಕ್ಕೆ ನಾವು ಕೇಳುವುದು ಹೊಸ ಆ್ಯಪ್ ಅಲ್ಲ. ಇರುವ ಲೆಕ್ಕವನ್ನು ಗ್ರಾಮ ಪಂಚಾಯಿತಿವಾರು ಒಡೆದು ಕೊಡಿ ಅಂತ. ಮಳೆಗೆ ಇದು ಆಗಲೇ ಆಗಿದೆ. ಪಂಚಾಯಿತಿ ಪಂಚಾಯಿತಿಗೆ ಮಳೆಮಾಪಕ, ಹೋಬಳಿಗೆ ಹವಾಮಾನ ಕೇಂದ್ರ ಇವೆ. ಅಲ್ಲಿ ಎಷ್ಟು ಮಿಲಿಮೀಟರ್ ಬಿತ್ತು ಅನ್ನೋದು ಬೆಳೆ ವಿಮೆಗೆ ಓಡಾಡಿದ ಪ್ರತಿ ರೈತರಿಗೂ ಗೊತ್ತು. ಮಳೆಮಾಪಕ ಸರಿ ಇಲ್ಲ ಅಂತ ಜಗಳ ಆಡುವಷ್ಟು ಗೊತ್ತು, ಇದು ಒಳ್ಳೆಯದೇ. ಹಾಗೇ ನಿಮ್ಮ ಪಂಚಾಯಿತಿಯೊಳಗೆ ಭರಣಿ ಮಳೆಯಲ್ಲಿ ಎಷ್ಟು ಸಿಡಿಲು, ರೋಹಿಣಿಯಲ್ಲಿ ಎಷ್ಟು, ಮಿರಗದಲ್ಲಿ ಎಷ್ಟು, ಯಾವ ತಾಸಿನಲ್ಲಿ ಹೆಚ್ಚು ಅನ್ನೋದು ಗೋಡೆ ಮೇಲೆ ಬರಲಿ. ಹತ್ತು ವರ್ಷದ ಲೆಕ್ಕ ಸಿಕ್ಕರೆ ಯಾವ ಹೊತ್ತಿಗೆ ಹೊಲ ಬಿಡಬೇಕು ಅನ್ನೋದನ್ನು ಊರೇ ತೀರ್ಮಾನ ಮಾಡುತ್ತದೆ. ಯಾವ ಹೊಲಗಳ ನಡುವೆ ಗೋಡೆ ಇರುವ, ಮಿಂಚುವಾಹಕ ಹಾಕಿದ ಒಂದು ಕೋಣೆ ಕಟ್ಟಬೇಕು ಅನ್ನೋದೂ ಗೊತ್ತಾಗುತ್ತದೆ.

ಎಚ್ಚರಿಕೆ ಫೋನಿಗಷ್ಟೇ ಬಂದರೆ ಸಾಲದು. ಊರಲ್ಲಿ ಗುಡಿ ಮೈಕ್ ಇದೆ, ಮಸೀದಿ ಮೈಕ್ ಇದೆ. ಮಗು ಕಳೆದರೆ, ಯಾರಾದರೂ ತೀರಿಕೊಂಡರೆ ಅದರಲ್ಲೇ ಹೇಳುವುದು. ಸಿಡಿಲು ಹತ್ತು ಕಿಲೋಮೀಟರಿನೊಳಗೆ ಬಂತು ಅಂತ ಪಂಚಾಯಿತಿಯ ಒಬ್ಬರ ಫೋನಿಗೆ ಬಂದರೆ, ಎರಡು ನಿಮಿಷದಲ್ಲಿ ಇಡೀ ಹೊಲದ ಸಾಲಿಗೆ ಕೇಳಿಸಬಹುದು.

ಈಗ ನಮ್ಮ ಅಂಜಿಕೆ. ಈ ಲೆಕ್ಕ ಕಚೇರಿಗೆ ಹೋದ ಮೇಲೆ ತಿರುಗಿ ನಮಗೇ ಕುತ್ತಾಗಬಾರದು. ಎತ್ತು ಸತ್ತ ಮನೆಯವರು ಪರಿಹಾರಕ್ಕೆ ಹೋದಾಗ, "ಆ ದಿನ ನಕ್ಷೆಯೊಳಗ ನಿಮ್ಮ ಹೊಲದಾಗ ಚುಕ್ಕಿನೇ ಇಲ್ಲಲ್ರಿ" ಅಂತ ಮೇಜಿನಾಚೆಯಿಂದ ಮಾತು ಬಂದರೆ? ಯಾವ ಜಾಲವೂ ಎಲ್ಲ ಸಿಡಿಲನ್ನೂ ಹಿಡಿಯುವುದಿಲ್ಲ. ಹಿಡಿದರೂ ನೂರಾರು ಮೀಟರ್ ಆಚೀಚೆ ಆಗುತ್ತದೆ, ಸರ್ವೆ ನಂಬರ್ ಹೇಳುವ ಶಕ್ತಿ ಅದಕ್ಕಿಲ್ಲ. ಹಾಗಾಗಿ ಚುಕ್ಕಿ ಇದ್ದರೆ ಅದು ರೈತರ ಪರ ಸಾಕ್ಷಿ ಆಗಲಿ. ರಾತ್ರಿ ದಡ್ಡಿಯಲ್ಲಿ ಕುರಿ ಸತ್ತು ಯಾರೂ ನೋಡದೇ ಇದ್ದಾಗ ಈ ಸಾಕ್ಷಿ ಬಹಳ ಬೇಕಾಗುತ್ತದೆ. ಚುಕ್ಕಿ ಇಲ್ಲ ಅನ್ನೋದು ಮಾತ್ರ ಅರ್ಜಿ ತಳ್ಳಿಹಾಕಲು ಕಾರಣ ಆಗಕೂಡದು. ಲೆಕ್ಕ ಪಂಚಾಯಿತಿಗೆ ಬರುವ ಮೊದಲು ಈ ನಿಯಮ ಬರವಣಿಗೆಯಲ್ಲಿ ಬರಬೇಕು. ಇದರಲ್ಲಿ ನಾವು ರಾಜಿ ಇಲ್ಲ.

ಇನ್ನೊಂದು ಮಾತು ಕಾಲೇಜಿನವರಿಗೆ. ಕಲಬುರಗಿಯಲ್ಲಿ 1980ರಿಂದ ವಿಶ್ವವಿದ್ಯಾಲಯ ಇದೆ, ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಇದೆ, ಎಂಜಿನಿಯರಿಂಗ್ ಕಾಲೇಜುಗಳಿವೆ. ಕೊನೆ ವರ್ಷದ ಪ್ರಾಜೆಕ್ಟ್ ಅಂತ ಅಂಗಡಿಯಿಂದ ಸಿದ್ಧ ಮಾಡಿಸಿ ತರುವುದು ಎಲ್ಲರಿಗೂ ಗೊತ್ತಿರುವ ಗುಟ್ಟು. ಅದರ ಬದಲು ಒಂದು ಸಿಡಿಲು ಯಂತ್ರ ಕಟ್ಟಿ ನಿಲ್ಲಿಸಿ. ಅದಕ್ಕೆ ಊರೂ ಒಳ್ಳೆಯ ಜಾಗ. ನಗರದಲ್ಲಿ ಮೋಟರ್, ವೆಲ್ಡಿಂಗ್, ಅಗ್ಗದ ಎಲ್‌ಇಡಿ ಬಲ್ಬುಗಳ ಗದ್ದಲ ಯಂತ್ರದ ಕಿವಿಗೆ ತುಂಬಿಬಿಡುತ್ತದೆ. ಕಮಲಾಪುರದ ಸುತ್ತಲಿನ ಯಾವುದಾದರೂ ಹೈಸ್ಕೂಲಿನ ಮಾಳಿಗೆ ಕಲಬುರಗಿ ಸೂಪರ್ ಮಾರ್ಕೆಟ್ಟಿನ ಮಾಳಿಗೆಗಿಂತ ಈ ಕೆಲಸಕ್ಕೆ ಮೇಲು. ಇಂಟರ್ನೆಟ್ ಮತ್ತು ಕರೆಂಟ್ ನಿಲ್ಲದಂತೆ ನೋಡಿಕೊಂಡರೆ ಆಯಿತು. ಮಾತು ಸುಲಭ, ಮೇ ತಿಂಗಳಲ್ಲಿ ಕರೆಂಟ್ ಹೇಗಿರುತ್ತದೆ ಅಂತ ನಮಗೂ ಗೊತ್ತು.

ನಾವು ಮಾಡುವುದು ಇಷ್ಟು. ಇನ್ನು ಮುಂದೆ ಸಿಡಿಲಿನ ಸುದ್ದಿ ಬರೆದರೆ ಗಂಟೆ ನಿಮಿಷ ಬರೆಯುತ್ತೇವೆ. ಎಲ್ಲಿ ನಿಂತಿದ್ದರು, ಏನು ಮಾಡುತ್ತಿದ್ದರು, ಆಗ ಮಳೆ ಶುರುವಾಗಿತ್ತೋ ಇಲ್ಲವೋ, ಸುತ್ತ ಎಷ್ಟು ದೂರದಲ್ಲಿ ಮನೆ ಇತ್ತು ಅನ್ನೋದನ್ನೂ ಬರೆಯುತ್ತೇವೆ. ಜೊತೆಗಿದ್ದು ಬದುಕಿದವರನ್ನೂ ಕೇಳುತ್ತೇವೆ, ಅವರ ಮಾತು ಸುದ್ದಿಯಲ್ಲಿ ಬರುವುದೇ ಕಡಿಮೆ. ಹಳೇ ಪೇಪರುಗಳನ್ನು ತೆಗೆದು ಕಲಬುರಗಿ, ಕಮಲಾಪುರ ತಾಲ್ಲೂಕಿನ ಇಂಥ ಸುದ್ದಿಗಳನ್ನು ಒಂದು ರಿಜಿಸ್ಟರಿಗೆ ಇಳಿಸಲು ಶುರು ಮಾಡಿದ್ದೇವೆ. ಹೊತ್ತಿನ ಕಾಲಮ್ ಬಹುತೇಕ ಖಾಲಿ ಇದೆ. ಆ ಮನೆಗಳಿಗೆ ಹೋಗಿ ಕೇಳಬೇಕು. ಕೇಳುವುದು ಸುಲಭ ಅಲ್ಲ, ಆದರೂ ಹೋಗುತ್ತೇವೆ.

ನೀವೂ ಕಳಿಸಿ. ನಿಮ್ಮ ಊರಲ್ಲಿ ಸಿಡಿಲು ಬಿದ್ದು ಗಿಡ ಸೀಳಿದ್ದರೆ, ದನ ಸತ್ತಿದ್ದರೆ, ಮನೆಯ ಟಿವಿ ಸುಟ್ಟಿದ್ದರೆ, ದಿನ, ಹೊತ್ತು, ಊರು, ಆದದ್ದು ಏನು ಅನ್ನೋ ನಾಲ್ಕು ಸಂಗತಿ ಸಾಕು. ಬರೆಯಲು ಬೇಸರ ಆದರೆ ವಾಯ್ಸ್ ಮೆಸೇಜ್ ಬಿಡಿ. ಮಿಂಚಿಗೂ ಗುಡುಗಿಗೂ ನಡುವೆ ಎಷ್ಟು ಎಣಿಸಿದಿರಿ ಅಂತ ಹೇಳಿದರೆ ಇನ್ನೂ ಒಳ್ಳೆಯದು, ಮೂರು ಎಣಿಕೆಗೆ ಒಂದು ಕಿಲೋಮೀಟರ್. ಎಣಿಸುವುದೂ ಬರೆಯುವುದೂ ಮನೆಯೊಳಗೆ ಬಂದ ಮೇಲೆ. ಗುಡುಗು ಕಿವಿಗೆ ಬಿತ್ತು ಅಂದರೇ ನೀವು ಸಿಡಿಲಿನ ಅಳತೆಯೊಳಗೆ ಇದ್ದೀರಿ, ಕೊನೆಯ ಗುಡುಗು ಕೇಳಿ ಅರ್ಧ ತಾಸು ಆಗುವವರೆಗೆ ಹೊಲಕ್ಕೆ ಇಳಿಯಬೇಡಿ. ಹೊತ್ತು ನೋಡುವಾಗ ಫೋನಿನ ಗಡಿಯಾರ ನೋಡಿ, ಅದು ನೆಟ್‌ವರ್ಕಿನ ಸಮಯ ತೋರಿಸುತ್ತದೆ. ಗೋಡೆ ಗಡಿಯಾರ ಬೇಡ. ನಮ್ಮ ರೂಮಿನದೇ ಏಳು ನಿಮಿಷ ಮುಂದಿದೆ.